ತೊಟ್ಟಿ ನೀರು, ಬಟ್ಟಲ ನೀರು: ದೀಕ್ಷಾಸ್ನಾನವಿಲ್ಲದೆ ರಕ್ಷಣೆ ಇಲ್ಲವೆ?

ಶ್ರೀನಿವಾಸಪುರದ ಆಚೆಗೊಂದು ಮಾವಿನ ತೋಟ. ಬೋರ್‌ವೆಲ್ ಪಕ್ಕದಲ್ಲಿ ಎದೆಮಟ್ಟದ ಸಿಮೆಂಟ್ ತೊಟ್ಟಿ. ಬೆಳಗ್ಗೆ ಏಳಕ್ಕೆ ಎಂದು ಹೇಳಿದ್ದ ದೀಕ್ಷಾಸ್ನಾನ, ಅಂದರೆ ಕ್ರೈಸ್ತರ ಬಳಗಕ್ಕೆ ಸೇರಿಸಿಕೊಳ್ಳುವ ನೀರಿನ ವಿಧಿ, ಒಂಬತ್ತೂವರೆಯಾದರೂ ಶುರುವಾಗಿರಲಿಲ್ಲ. ತ್ರೀ ಫೇಸ್ ಕರೆಂಟು ಬಂದಿರಲಿಲ್ಲ. ಕೆರೆಯಲ್ಲೇ ಮಾಡಬಹುದಿತ್ತಲ್ಲ ಎಂದರೆ ಸಭೆಯ ಹಿರಿಯರೊಬ್ಬರು ಮೂಗು ಮುರಿದರು. 2018ರಿಂದೀಚೆಗೆ ಕೋಲಾರದ ಎಷ್ಟೋ ಕೆರೆಗಳು ತುಂಬಿರುವುದು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿ ಬಿಡುವ ಕೊಳಚೆ ನೀರಿನಿಂದ. "ಪಾಪ ತೊಳೆಯೋಕೆ ಆ ನೀರಾ?" ಎಂದು ಯಾರೋ ನಕ್ಕರು. ಹಾಡಿ ಹಾಡಿ ಗಂಟಲು ಒಣಗುವ ಹೊತ್ತಿಗೆ ಮೋಟರು ಗುರ್ ಎಂದಿತು. ಪೈಪು ಎರಡು ಸಲ ಕೆಮ್ಮಿ, ಕೆಂಪು ನೀರು ಕಕ್ಕಿ, ಆಮೇಲೆ ತಿಳಿನೀರು ಬಿಟ್ಟಿತು.

ಸಾಲಿನಲ್ಲಿ ನಿಂತಿದ್ದ ಐವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬಳು. ವಯಸ್ಸು ಐವತ್ತೆರಡು. ಮೂರು ತಿಂಗಳ ಕೂಸಾಗಿದ್ದಾಗಲೇ ಕೋಲಾರದ ಮೆಥೊಡಿಸ್ಟ್ ಚರ್ಚಿನಲ್ಲಿ ಪಾದ್ರಿ ಅಯ್ಯನವರು ಅವಳ ತಲೆಗೆ ಬಟ್ಟಲಿನಿಂದ ನೀರು ಹಾಕಿದ್ದರು. ಈಗ ಪೆಂಟೆಕೋಸ್ಟ್ ಸಭೆಗೆ ಹೋಗುತ್ತಾಳೆ. ಅಲ್ಲಿ ಆ ಬಟ್ಟಲ ನೀರು ಲೆಕ್ಕಕ್ಕಿಲ್ಲ. ನನ್ನಮ್ಮ ಟವೆಲ್ ಹಿಡಿದು ತೊಟ್ಟಿಯ ಹೊರಗೆ ನಿಂತಿದ್ದಳು, ಮುಖ ದಪ್ಪ ಮಾಡಿಕೊಂಡು.

"ಅಂಗಾರೆ ಅವತ್ತು ಆಗಿದ್ದೇನು? ಬರೀ ತಲೆ ನೆನೆಸಿದ್ದಾ?"

"ಅವತ್ತು ನನ್ನ ಯಾರು ಕೇಳಿದ್ರು ಅಕ್ಕ? ನಾನು ಅಳ್ತಾ ಇದ್ದೆ."

ರಕ್ಷಣೆಗೂ, ಅಂದರೆ ಪಾಪದಿಂದ ಬಿಡುಗಡೆಗೂ, ದೀಕ್ಷಾಸ್ನಾನಕ್ಕೂ ಏನು ಸಂಬಂಧ ಎಂದು ನನ್ನನ್ನು ಯಾರಾದರೂ ಕೇಳಿದರೆ ಈ ಎರಡು ಮಾತನ್ನೇ ಮುಂದಿಡುತ್ತೇನೆ. ಮುಳುಗಿಸಬೇಕೋ ಚಿಮುಕಿಸಬೇಕೋ, ಕೂಸಿಗೋ ದೊಡ್ಡವರಿಗೋ, ಒಂದು ಸಲವೋ ಎರಡು ಸಲವೋ, ಈ ಜಗಳಗಳೆಲ್ಲ ರೆಂಬೆಗಳು. ಬುಡದಲ್ಲಿರುವ ಪ್ರಶ್ನೆ ಒಂದೇ: ಆ ನೀರಿನಲ್ಲಿ ಕೆಲಸ ಮಾಡುವವರು ಯಾರು? ದೇವರು ಮನುಷ್ಯನಿಗೆ ಏನನ್ನೋ ಮಾಡುತ್ತಾನೋ, ಮನುಷ್ಯ ದೇವರಿಗೆ ಉತ್ತರ ಕೊಡುತ್ತಾನೋ? ಅಮ್ಮ ಮೊದಲನೆಯದನ್ನು ನಂಬಿದವಳು, ಚಿಕ್ಕಮ್ಮ ಎರಡನೆಯದನ್ನು.

ಮೊದಲು ಪದದ ವಿಚಾರ. ಕನ್ನಡ ಕಥೋಲಿಕರು ಇದನ್ನು ಜ್ಞಾನಸ್ನಾನ ಎನ್ನುತ್ತಾರೆ, ಪ್ರೊಟೆಸ್ಟೆಂಟರು ದೀಕ್ಷಾಸ್ನಾನ ಎನ್ನುತ್ತಾರೆ. ಹಳ್ಳಿಯಲ್ಲಿ ಎರಡೂ ಇಲ್ಲ, 'ಸ್ನಾನ ತಗೊಂಡ್ರಾ?' ಅಷ್ಟೇ. ಬ್ಯಾಪ್ಟಿಸಂ ಪದದ ಮೂಲವಾದ ಗ್ರೀಕ್‌ನ ಬಾಪ್ಟಿಜೊ ಎಂಬ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಎಂದರ್ಥ. ಅದರಲ್ಲಿ ಜ್ಞಾನವೂ ಇಲ್ಲ, ದೀಕ್ಷೆಯೂ ಇಲ್ಲ. ಆದರೂ ನಮ್ಮವರ ಆಯ್ಕೆ ಸುಮ್ಮನೆ ಬಂದದ್ದಲ್ಲ. ಕ್ರಿ.ಶ. 150ರ ಆಸುಪಾಸಿನಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಈ ಸ್ನಾನವನ್ನು 'ಬೆಳಕು ಹೊಂದುವುದು' ಎಂದು ಕರೆಯುತ್ತಾರೆ ಎಂದು ಬರೆದಿದ್ದಾನೆ. ಜ್ಞಾನಸ್ನಾನ ಅದಕ್ಕೆ ಹತ್ತಿರದ ಮಾತು. ದೀಕ್ಷೆಯ ಅರ್ಥವನ್ನು ಲಿಂಗದೀಕ್ಷೆ ಕಂಡಿರುವ ತುಮಕೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಒಂದು ಬಳಗದೊಳಕ್ಕೆ ಕಾಲಿಡುವ ಹೊಸ್ತಿಲು ಅದು.

ತೊಡಕು ತರುವ ಪದ 'ಸ್ನಾನ'. ಕೋಲಾರದ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಜನ ಹೋಗುತ್ತಾರೆ, ತಲೆಗೆ ತಳಿದುಕೊಳ್ಳುತ್ತಾರೆ, ಮುಂದಿನ ವರ್ಷ ಮತ್ತೆ ಹೋಗುತ್ತಾರೆ. ತೀರ್ಥಸ್ನಾನ ಎಷ್ಟು ಸಲವಾದರೂ ಆದೀತು. ಅದರ ಪುಣ್ಯ ಆ ಜಾಗದ ನೀರಿನಲ್ಲಿದೆ. ದೀಕ್ಷಾಸ್ನಾನ ಹಾಗಲ್ಲ. ಜೀವಮಾನದಲ್ಲಿ ಒಂದೇ ಸಲ, ಎಲ್ಲಿಯ ನೀರಾದರೂ ಸರಿ. ಯೊರ್ದನ್ ಹೊಳೆಯ ನೀರಿಗೂ ಶ್ರೀನಿವಾಸಪುರದ ಬೋರ್‌ವೆಲ್ ನೀರಿಗೂ ಬೆಲೆ ಒಂದೇ. ಹಾಗೆ ನೋಡಿದರೆ ಕೆರೆಯ ನೀರಿಗೆ ಮೂಗು ಮುರಿದ ಹಿರಿಯರಿಗೆ ಶಾಸ್ತ್ರದ ಆಧಾರವಿಲ್ಲ, ಆರೋಗ್ಯದ ಆಧಾರ ಇರಬಹುದು.

ಬಯಲುಸೀಮೆಯ ಕಷ್ಟ ಮೊದಲ ಕ್ರೈಸ್ತರಿಗೂ ಗೊತ್ತಿತ್ತು. ಒಂದನೆಯ ಶತಮಾನದ ಕೊನೆಗೋ ಎರಡನೆಯದರ ಮೊದಲಿಗೋ ಸಿದ್ಧವಾದ 'ದಿದಖೆ' ಎಂಬ ಪುಟ್ಟ ಕೈಪಿಡಿಯಲ್ಲಿ ಇದಕ್ಕೊಂದು ನಿಯಮವಿದೆ. ಹರಿಯುವ ನೀರಿನಲ್ಲಿ ಮಾಡಿ. ಅದಿಲ್ಲವಾದರೆ ಬೇರೆ ನೀರಾಗಲಿ. ತಣ್ಣೀರು ಆಗದಿದ್ದರೆ ಬೆಚ್ಚನೆಯ ನೀರಾಗಲಿ. ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಪಾಲಾರ್, ಪಿನಾಕಿನಿಗಳ ಮರಳು ಮಾತ್ರ ನೋಡಿ ಬೆಳೆದ ನನಗೆ ಇದನ್ನು ಬರೆದವನ ಮೇಲೆ ಪ್ರೀತಿ. ಮುಳುಗಿಸುವುದೇ ಮೂಲ ರೂಢಿ ಎಂಬ ಚಿಕ್ಕಮ್ಮನ ಪಾಸ್ಟರ ಮಾತಿಗೂ ಇಲ್ಲಿ ಬಲವಿದೆ, ಬಟ್ಟಲ ನೀರೂ ಸಾಕು ಎಂಬ ಅಮ್ಮನ ಮಾತಿಗೂ ಇದೆ.

ಇನ್ನು ರಕ್ಷಣೆ. ಕ್ರೈಸ್ತರ ಮಾತಿನಲ್ಲಿ ರಕ್ಷಣೆಯೆಂದರೆ ಪಾಪದಿಂದ ಬಿಡುಗಡೆ, ದೇವರೊಂದಿಗೆ ಸಮಾಧಾನ, ಮರಣದಾಚೆಯ ಜೀವ. ಅದನ್ನು ಮನುಷ್ಯ ಸಂಪಾದಿಸುವುದಲ್ಲ. ಕ್ರಿಸ್ತನ ಮರಣ, ಪುನರುತ್ಥಾನಗಳ ಮೂಲಕ ದೇವರು ಕೃಪೆಯಿಂದ ಕೊಡುವುದು. ಇದರಲ್ಲಿ ಪೋಪರಿಗೂ ಪೆಂಟೆಕೋಸ್ಟ್ ಪಾಸ್ಟರಿಗೂ ಭಿನ್ನಾಭಿಪ್ರಾಯವಿಲ್ಲ. ಕಥೋಲಿಕರು ನೀರಿನಿಂದ, ಪೆಂಟೆಕೋಸ್ಟರು ನಂಬಿಕೆಯಿಂದ ಎನ್ನುತ್ತಾರೆ ಎಂದು ನಮ್ಮಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ಅದು ಅರೆಬೆಂದ ಮಾತು. ಕೃಪೆಯಿಂದ ಎಂದೇ ಇಬ್ಬರೂ ಹೇಳುವುದು. ಆ ಕೃಪೆ ಕೈಸೇರುವ ದಾರಿ ಯಾವುದು ಎಂಬಲ್ಲಿ ತಕರಾರು.

ಬೈಬಲ್ ತೆರೆದರೆ ತೀರ್ಮಾನವಾಗುವುದಿಲ್ಲವೆ? ಆಗುತ್ತಿದ್ದರೆ ಅಮ್ಮ ಚಿಕ್ಕಮ್ಮ ಇಬ್ಬರೂ ಒಂದೇ ಚರ್ಚಿನಲ್ಲಿರುತ್ತಿದ್ದರು. ಹೊಸ ಒಡಂಬಡಿಕೆಯಲ್ಲಿ ಎರಡೂ ಕಡೆಗೆ ಎಳೆಯುವ ವಚನಗಳಿವೆ. ಪಂಚಾಶತ್ತಮ ದಿನ, ಅಂದರೆ ಯೇಸು ಎದ್ದ ಐವತ್ತನೆಯ ದಿನದ ಹಬ್ಬದಂದು, ಅವನ ಶಿಷ್ಯ ಪೇತ್ರ ಜನರಿಗೆ ಹೇಳುವುದು, ದೇವರ ಕಡೆಗೆ ತಿರುಗಿಕೊಳ್ಳಿ, ಪಾಪಪರಿಹಾರಕ್ಕಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿ ಎಂದು. ಅಂದು ಸುಮಾರು ಮೂರು ಸಾವಿರ ಜನ ಸೇರಿದರು. ಯೇಸು ನಿಕೊದೇಮನಿಗೆ, ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯ ಸೇರಲಾರ ಎನ್ನುತ್ತಾನೆ. ಪೇತ್ರನ ಮೊದಲ ಪತ್ರವಂತೂ ನೋಹನ ಜಲಪ್ರಳಯ ನೆನಪಿಸಿ, ದೀಕ್ಷಾಸ್ನಾನ ನಿಮ್ಮನ್ನು ರಕ್ಷಿಸುತ್ತದೆ ಎಂದು ನೇರವಾಗಿ ಹೇಳಿ, ಮರುಕ್ಷಣವೇ ಅದು ಮೈಕೊಳೆ ತೊಳೆಯುವುದಲ್ಲ, ಒಳ್ಳೆಯ ಮನಸ್ಸಾಕ್ಷಿಯ ವಿಷಯ ಎಂದು ತಿದ್ದುತ್ತದೆ. ಒಂದೇ ವಾಕ್ಯವನ್ನು ಎರಡು ಪಕ್ಷದವರೂ ಅರ್ಧರ್ಧ ಹಂಚಿಕೊಂಡಿದ್ದಾರೆ.

ಇನ್ನೊಂದು ಕಡೆ, ಆದಿಸಭೆಗಳ ಪ್ರಚಾರಕ ಪೌಲ ಎಫೆಸದವರಿಗೆ ಬರೆಯುವಾಗ ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ ಎನ್ನುತ್ತಾನೆ. ಕೊರಿಂಥದವರ ಗುಂಪುಗಾರಿಕೆಗೆ ಬೇಸತ್ತು, ಸದ್ಯ ಕ್ರಿಸ್ಪ, ಗಾಯ, ಸ್ತೆಫನನ ಮನೆಯವರು ಇವರಿಗಲ್ಲದೆ ನಿಮ್ಮಲ್ಲಿ ಬೇರೆ ಯಾರಿಗೂ ನಾನು ಸ್ನಾನ ಮಾಡಿಸಿದ ನೆನಪಿಲ್ಲ, ಕ್ರಿಸ್ತ ನನ್ನನ್ನು ಕಳುಹಿಸಿದ್ದು ಅದಕ್ಕಲ್ಲ, ಸುವಾರ್ತೆ ಸಾರುವುದಕ್ಕೆ ಎಂದು ರೇಗುತ್ತಾನೆ. ಆದರೆ ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಇದೇ ಪೌಲ, ದೀಕ್ಷಾಸ್ನಾನದಲ್ಲಿ ನಾವು ಕ್ರಿಸ್ತನೊಂದಿಗೆ ಸತ್ತು ಹೂಳಲ್ಪಟ್ಟೆವು ಎನ್ನುತ್ತಾನೆ. ಮುಳುಗುವುದು ಸಮಾಧಿ, ಏಳುವುದು ಹೊಸ ಜೀವ. ತೊಟ್ಟಿಯೊಳಗೆ ನಿಂತ ಪಾಸ್ಟರು ಚಿಕ್ಕಮ್ಮನ ಬೆನ್ನಿಗೊಂದು ಕೈ, ಮೂಗಿಗೆ ಕರ್ಚೀಫ್ ಹಿಡಿದ ಅವಳ ಕೈಯ ಮೇಲೊಂದು ಕೈ ಇಟ್ಟು ಹಿಂದಕ್ಕೆ ಮಲಗಿಸಿದಾಗ ಕಂಡದ್ದು ಆ ಚಿತ್ರವೇ. ಒಂದು ಕ್ಷಣ ಮುಖ ನೀರಿನೊಳಗೆ ಹಸಿರಾಗಿ ಕಂಡು ಮಾಯವಾಯಿತು. ಅಮ್ಮ ಸಿಟ್ಟಿನಲ್ಲಿದ್ದರೂ ಅರಿಯದೆ ಒಂದು ಹೆಜ್ಜೆ ಮುಂದಿಟ್ಟಳು.

ನನಗೆ ಅತಿ ಸ್ವಾರಸ್ಯವೆನಿಸುವುದು ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳು' ಎಂಬ ಪುಸ್ತಕ. ಅಲ್ಲಿ ಕ್ರಮವೇ ನಿಲ್ಲುವುದಿಲ್ಲ. ಸಮಾರ್ಯದವರಿಗೆ ಮೊದಲು ನೀರು, ಪೇತ್ರ ಯೋಹಾನರು ಬಂದು ಕೈಯಿಟ್ಟ ಮೇಲೆ ಪವಿತ್ರಾತ್ಮ. ಕೊರ್ನೇಲ್ಯ ಎಂಬ ರೋಮನ್ ಸೇನಾಧಿಕಾರಿಯ ಮನೆಯಲ್ಲಿ ತಲೆಕೆಳಗು: ಪೇತ್ರ ಇನ್ನೂ ಮಾತಾಡುತ್ತಿರುವಾಗಲೇ ಕೇಳುವವರ ಮೇಲೆ ಆತ್ಮ ಇಳಿದುಬಿಡುತ್ತದೆ. ಇನ್ನು ಇವರಿಗೆ ನೀರು ಬೇಡ ಎನ್ನುವವರು ಯಾರು ಎಂದು ಪೇತ್ರ ಆಮೇಲೆ ಸ್ನಾನ ಮಾಡಿಸುತ್ತಾನೆ. ಗಾಜಾದ ದಾರಿಯ ಅಡವಿಯಲ್ಲಿ ರಥದಲ್ಲಿ ಹೋಗುತ್ತಿದ್ದ ಐಥಿಯೋಪ್ಯದ ಅಧಿಕಾರಿ, ಅಗೋ ನೀರು, ನನಗೇನು ಅಡ್ಡಿ ಎಂದು ಕೇಳಿ ಅಲ್ಲೇ ಇಳಿಯುತ್ತಾನೆ. ಕೊರ್ನೇಲ್ಯನ ಕತೆ ನೀರಿಗೆ ಮೊದಲೇ ದೇವರು ಬರಬಹುದು ಎನ್ನುತ್ತದೆ. ಬಂದಮೇಲೂ ನೀರನ್ನು ಬಿಡಲಿಲ್ಲ ಎಂದೂ ಹೇಳುತ್ತದೆ. ಅರ್ಧ ಓದಿ ಪುಸ್ತಕ ಮುಚ್ಚಿದವರು ಎರಡೂ ಪಕ್ಷದಲ್ಲಿದ್ದಾರೆ.

ನಂಬಿ ದೀಕ್ಷಾಸ್ನಾನ ಪಡೆದವನು ರಕ್ಷಣೆ ಹೊಂದುವನು ಎಂಬ ಮಾರ್ಕನ ವಚನವನ್ನು ನಮ್ಮ ಕಡೆಯ ಗೋಡೆಗಳ ಮೇಲೆ ಬಹಳ ಕಡೆ ಬರೆದಿರುತ್ತಾರೆ. ಅದು ಬರುವ ಹದಿನಾರನೆಯ ಅಧ್ಯಾಯದ ಕೊನೆಯ ಭಾಗ, ಒಂಬತ್ತನೆಯ ವಚನದಿಂದ ಮುಂದಿನದು, ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳೆಂಬ ಎರಡು ಹಳೆಯ ಪ್ರತಿಗಳಲ್ಲಿಲ್ಲ. ಅಷ್ಟೇ ಅಲ್ಲ, ಆ ವಚನದ ಎರಡನೆಯ ಅರ್ಧದಲ್ಲಿ ದಂಡನೆಗೆ ಗುರಿಯಾಗುವವನು ನಂಬದವನು. ಸ್ನಾನ ಪಡೆಯದವನು ಎಂದಿಲ್ಲ.

ಈಗ ಬುಡದ ಪ್ರಶ್ನೆಗೆ ಬರೋಣ. ಕಥೋಲಿಕರಿಗೆ, ಪೂರ್ವದ ಆರ್ಥೊಡಾಕ್ಸರಿಗೆ ಜ್ಞಾನಸ್ನಾನ ದೇವರ ಕೆಲಸ. ಗುರುವಿನ, ಅಂದರೆ ಪಾದ್ರಿಯ, ಕೈ ನೆಪ ಮಾತ್ರ, ಸ್ನಾನ ಮಾಡಿಸುವವನು ಕ್ರಿಸ್ತ. ಜನ್ಮಪಾಪ ಹೋಗುತ್ತದೆ, ಹೊಸ ಹುಟ್ಟು ಸಿಗುತ್ತದೆ. ಕೊಡುವವನು ದೇವರಾದ ಮೇಲೆ ಪಡೆಯುವ ಕೂಸಿಗೆ ತಿಳಿವಳಿಕೆ ಯಾಕೆ ಬೇಕು? ತಾಯಿ ಹಾಲೂಡಿಸುವಾಗ ಮಗುವಿನ ಒಪ್ಪಿಗೆ ಕೇಳುತ್ತಾಳೆಯೆ? ಮಾಡಿಸುವ ಗುರು ಪಾಪಿಯಾದರೆ ಸ್ನಾನ ಕೆಡುತ್ತದೆಯೆ ಎಂಬ ವಾದ ಉತ್ತರ ಆಫ್ರಿಕಾದಲ್ಲಿ ಎದ್ದಾಗ, ಇಲ್ಲ, ಅದು ಕ್ರಿಸ್ತನ ಸ್ನಾನ ಎಂದು ಅಲ್ಲಿನ ಬಿಷಪ್ ಅಗಸ್ಟೀನ್ ವಾದಿಸಿದ್ದೂ ಇದರಿಂದಲೇ. ಅಂದಹಾಗೆ ಅಗಸ್ಟೀನನಿಗೇ ಬಾಲ್ಯದಲ್ಲಿ ಸ್ನಾನವಾಗಿರಲಿಲ್ಲ. ತಾಯಿ ಮೋನಿಕಾ ಮುಂದೂಡಿದ್ದಳು. 387ರ ಈಸ್ಟರ್ ಹೊತ್ತಿಗೆ ಮಿಲಾನ್‌ನಲ್ಲಿ, ಮೂವತ್ತು ದಾಟಿದ ಮೇಲೆ ಆಯಿತು. ಆ ಕಾಲಕ್ಕೆ ಅದು ಅಪರೂಪವಲ್ಲ. ಸ್ನಾನದ ನಂತರ ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಕಠಿಣವಾದ್ದರಿಂದ ಎಷ್ಟೋ ಜನ ಕಾಯುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ಸಾವಿನ ಹಾಸಿಗೆಯಲ್ಲಿ ತೆಗೆದುಕೊಂಡ. ಲೆಕ್ಕ ಗೊತ್ತಿದ್ದ ಮನುಷ್ಯ.

ಈ ನಿಲುವು ಎಷ್ಟು ಗಟ್ಟಿ ಎಂಬುದಕ್ಕೆ ಇತ್ತೀಚಿನ ಉದಾಹರಣೆಯಿದೆ. 'ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಎನ್ನುವ ಬದಲು 'ನಾವು ಕೊಡುತ್ತೇವೆ' ಎಂದು ಕೆಲವೆಡೆ ಗುರುಗಳು ಹೇಳತೊಡಗಿದ್ದರು, ಬಂಧುಬಳಗವೆಲ್ಲ ಸೇರಿದಂತೆ ಆಗಲಿ ಎಂದು. 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಅದು ಸಿಂಧುವೇ ಅಲ್ಲ, ಹಾಗೆ ಪಡೆದವರು ಮೊದಲಿನಿಂದ ಪಡೆಯಬೇಕು ಎಂದಿತು. ಒಂದು ಸರ್ವನಾಮಕ್ಕೆ ಇಷ್ಟು ರಗಳೆಯೆ ಎನಿಸೀತು. ಆದರೆ 'ನಾನು' ಎನ್ನುವಾಗ ಮಾತಾಡುವವನು ಗುರುವಿನ ಮೂಲಕ ಕ್ರಿಸ್ತ, 'ನಾವು' ಎಂದರೆ ಅದು ನೆರೆದವರ ಕೆಲಸವಾಗಿಬಿಡುತ್ತದೆ. ಇದೇ ತರ್ಕದ ಇನ್ನೊಂದು ಮುಖ ಮೃದುವಾದುದು. ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ, ಕ್ರೈಸ್ತರಲ್ಲದವರೂ, ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶವಿಟ್ಟು ನೀರು ಹಾಕಿ ಆ ಮಾತು ಹೇಳಿದರೆ ಜ್ಞಾನಸ್ನಾನ ಪೂರ್ಣ. ಕೆ.ಜಿ.ಎಫ್.ನ ಒಬ್ಬ ಹಳೆಯ ನರ್ಸ್ ನನಗೆ ಹೇಳಿದ್ದು ನೆನಪಿದೆ: ರಾತ್ರಿ ಪಾಳಿ, ಏಳು ತಿಂಗಳಿಗೇ ಹುಟ್ಟಿದ ಕೂಸು, ಗುರುಗಳು ಬರುವಷ್ಟು ಹೊತ್ತಿಲ್ಲ. ಸ್ಟೀಲ್ ಲೋಟದಲ್ಲಿ ನೀರು ತಂದು, ಬೆರಳದ್ದಿ ಅಲ್ಲ, ಮೂರು ಹನಿ ಹರಿಯುವಂತೆ ಹಾಕಿದೆ ಎಂದರು. ಹರಿಯಬೇಕು ಎಂಬುದನ್ನು ಒತ್ತಿ ಹೇಳಿದರು.

ಚಿಕ್ಕಮ್ಮನ ಪಕ್ಷ 1525ರ ಜನವರಿ 21ರಂದು ಜ್ಯೂರಿಕ್ ನಗರದ ಒಂದು ಮನೆಯಲ್ಲಿ ಹುಟ್ಟಿತೆನ್ನಬಹುದು. ಕೂಸಾಗಿದ್ದಾಗ ಆದದ್ದು ಸ್ನಾನವಲ್ಲ ಎಂದುಕೊಂಡ ಕೆಲವರು ಅಂದು ಒಬ್ಬರಿಗೊಬ್ಬರು ನೀರು ಹಾಕಿಕೊಂಡರು. ನಂಬಿಕೆ ಮೊದಲು, ನೀರು ಆಮೇಲೆ. ನಂಬುವ ವಯಸ್ಸಿಲ್ಲದವನಿಗೆ ಸ್ನಾನವೂ ಇಲ್ಲ. ಇವರನ್ನು ಎದುರಾಳಿಗಳು ಅನಬ್ಯಾಪ್ಟಿಸ್ಟರು, ಅಂದರೆ ಮರುಸ್ನಾನದವರು ಎಂದು ಹೆಸರಿಟ್ಟು ಕರೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು 1527ರ ಜನವರಿಯಲ್ಲಿ ನಗರದ ಆಡಳಿತ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು, ಪ್ರೊಟೆಸ್ಟೆಂಟರ ಊರಿನಲ್ಲೇ. ಬ್ಯಾಪ್ಟಿಸ್ಟ್, ಬ್ರದರನ್, ಪೆಂಟೆಕೋಸ್ಟ್ ಸಭೆಗಳು ಇಂದು ಹೇಳುವುದೂ ಈ ಮಾತನ್ನೇ: ರಕ್ಷಣೆ ನಂಬಿದಾಗಲೇ ಆಯಿತು, ನೀರು ಅದರ ಬಹಿರಂಗ ಸಾಕ್ಷಿ. ತಾಳಿ ಪ್ರೀತಿಯನ್ನು ಹುಟ್ಟಿಸುವುದಿಲ್ಲ, ಇದೆ ಎಂದು ಊರಿಗೆ ಹೇಳುತ್ತದೆ ಎಂಬುದು ಪಾಸ್ಟರು ತೋಟದಲ್ಲಿ ಕೊಟ್ಟ ಹೋಲಿಕೆ. ಚೆನ್ನಾಗಿದೆ. ಆದರೆ ಬರೀ ಸಾಕ್ಷಿಯಾದರೆ ಪೇತ್ರ 'ಪಾಪಪರಿಹಾರಕ್ಕಾಗಿ' ಎಂದದ್ದೇಕೆ ಎಂದು ಕೇಳಿದರೆ ಅವರಿಗೂ ಸ್ವಲ್ಪ ಕಷ್ಟವೇ. ತ್ರಿತ್ವವನ್ನು ಒಪ್ಪದ ಏಕತ್ವದ ಪೆಂಟೆಕೋಸ್ಟರಂತೂ ಈ ವಚನವನ್ನೇ ಹಿಡಿದು, ಯೇಸುವಿನ ಹೆಸರಿನಲ್ಲಿ ಮಾತ್ರ ಸ್ನಾನ ಮಾಡಿಸುತ್ತಾರೆ.

ನಡುವೆ ನಿಂತವರೂ ಇದ್ದಾರೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ನಂಬಿಕೆಯಿಂದಲೇ ರಕ್ಷಣೆ ಎಂದವನು, ಆದರೂ ಕೂಸುಗಳ ಸ್ನಾನ ಬಿಡಲಿಲ್ಲ. ಬರೀ ನೀರಲ್ಲ, ನೀರಿನ ಜತೆಗಿರುವ ದೇವರ ವಾಕ್ಯ ಕೆಲಸ ಮಾಡುತ್ತದೆ, ನಂಬಿಕೆ ಅದನ್ನು ಹಿಡಿದುಕೊಳ್ಳುತ್ತದೆ ಎಂದ. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ಗೆ ಅದು ಯೆಹೂದ್ಯರ ಸುನ್ನತಿಯ ಹಾಗೆ ಒಡಂಬಡಿಕೆಯ ಗುರುತು ಮತ್ತು ಮುದ್ರೆ. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಮಾತು ಕೋಲಾರ, ತುಮಕೂರಿನವರಿಗೆ ಮನೆಯ ಮಾತು, ಏಕೆಂದರೆ ಇಲ್ಲಿನ ಹಳೆಯ ಪ್ರೊಟೆಸ್ಟೆಂಟ್ ಸಭೆಗಳು ಹೆಚ್ಚಾಗಿ ಅವನ ಪರಂಪರೆಯವು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ 1837ರ ಹೊತ್ತಿಗೆ ಗುಬ್ಬಿಯಲ್ಲಿತ್ತು. ಕೋಲಾರದಲ್ಲಿ 1876-78ರ ಕ್ಷಾಮದ ಅನಾಥ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ಕಟ್ಟಿದ ಕೆಲಸ 1890ರಲ್ಲಿ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದಾಗ ತುಮಕೂರಿನ ವೆಸ್ಲಿಯನರು, ಚಿಕ್ಕಬಳ್ಳಾಪುರದ ಲಂಡನ್ ಮಿಷನ್ನಿನವರು ಅದರಲ್ಲಿ ಸೇರಿದರು, ಕೋಲಾರದ ಮೆಥೊಡಿಸ್ಟರು ಹೊರಗುಳಿದರು. ಸ್ನಾನದ ವಿಷಯದಲ್ಲಿ ಮಾತ್ರ ಇವರೆಲ್ಲ ಒಂದೇ: ಕೂಸಿಗೂ ಉಂಟು, ದೊಡ್ಡವರಿಗೂ ಉಂಟು. ವೆಸ್ಲಿಯೋ, ಕೂಸುಗಳ ಸ್ನಾನ ಒಪ್ಪಿಯೂ, ದೀಕ್ಷಾಸ್ನಾನವೇ ಹೊಸ ಹುಟ್ಟಲ್ಲ, ಸ್ನಾನವಾಗಿದೆ ಎಂದು ನೆಮ್ಮದಿಯಾಗಿ ಕೂರಬೇಡಿ ಎಂದು ಬೋಧಿಸಿದ. ಕೂಸಾಗಿದ್ದಾಗ ದೇವರು ಹಿಡಿದ ಕೈಯನ್ನು ದೊಡ್ಡವನಾದ ಮೇಲೆ ನೀನೂ ಹಿಡಿಯಬೇಕು. ದೃಢೀಕರಣದ ಆರಾಧನೆ ಇರುವುದು ಅದಕ್ಕೆ. ಚಿಕ್ಕಮ್ಮನಿಗೆ ಅದೂ ಹದಿನಾರಕ್ಕೆ ಆಗಿತ್ತು. ಅಮ್ಮನ ಸಿಟ್ಟಿಗೆ ಅದೂ ಒಂದು ಕಾರಣ.

ಹಾಗಾದರೆ ಸ್ನಾನವಾಗದೆ ಸತ್ತವರ ಗತಿ? ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಕಳ್ಳನಿಗೆ ಯಾರೂ ನೀರು ಹಾಕಲಿಲ್ಲ, ಆದರೂ ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ (ಸ್ವರ್ಗದಲ್ಲಿರುವೆ) ಎಂಬ ಮಾತು ಅವನಿಗೆ ಸಿಕ್ಕಿತು. ಕಥೋಲಿಕರೂ ಇಲ್ಲಿ ಬಾಗಿಲು ಹಾಕಿಲ್ಲ. ವಿಶ್ವಾಸಕ್ಕಾಗಿ ರಕ್ತ ಸುರಿಸಿದವರಿಗೆ ಆ ರಕ್ತವೇ ಸ್ನಾನ, ಪಡೆಯಬೇಕೆಂದು ಬಯಸಿ ಸತ್ತವರಿಗೆ ಆ ಬಯಕೆಯೇ ಸ್ನಾನ. 1992ರ ಅವರ ಧರ್ಮೋಪದೇಶ ಗ್ರಂಥದ ಸೂತ್ರ ನನಗೆ ಬಹಳ ಹಿಡಿಸಿದ್ದು: ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನು ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ. ಸ್ನಾನವಾಗದ ಕೂಸುಗಳು ಸ್ವರ್ಗವೂ ಅಲ್ಲದ ನರಕವೂ ಅಲ್ಲದ 'ಲಿಂಬೊ'ದಲ್ಲಿರುತ್ತವೆ ಎಂದು ಅಜ್ಜಿಯರು ಹೆದರಿಸುತ್ತಿದ್ದುದು ಎಂದೂ ಅಧಿಕೃತ ಸಿದ್ಧಾಂತವಾಗಿರಲಿಲ್ಲ. ಆ ಮಕ್ಕಳ ರಕ್ಷಣೆಗೆ ಭರವಸೆಯಿಡಲು ಗಟ್ಟಿ ಕಾರಣಗಳಿವೆ ಎಂದು 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೇಳಿತು. ಸಾಲ್ವೇಶನ್ ಆರ್ಮಿ, ಕ್ವೇಕರರು ಎಂಬ ಕ್ರೈಸ್ತ ಪಂಗಡಗಳವರಂತೂ ನೀರನ್ನೇ ಬಳಸುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಸತ್ತವರಿಗಿಂತ ಬದುಕಿರುವವರಿಗೆ ಹೆಚ್ಚು. ಪ್ರತಿ ಭಾನುವಾರ ಹಿಂದಿನ ಚಾಪೆಯಲ್ಲಿ ಕೂತು, ಹಾಡಿ, ಪ್ರಾರ್ಥಿಸಿ ಹೋಗುವ, ಸ್ನಾನ ಮಾತ್ರ ತೆಗೆದುಕೊಳ್ಳದ ಜನರನ್ನು ಕಂಡಿದ್ದೇನೆ. ಮನೆಯವರ ಅಂಜಿಕೆ ಕೆಲವರಿಗೆ, ಪ್ರಮಾಣಪತ್ರದ ಚಿಂತೆ ಕೆಲವರಿಗೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ, ದೀಕ್ಷಾಸ್ನಾನವಾಗಿ ಚರ್ಚಿಗೆ ಹೋಗುತ್ತಿದ್ದ ಮಹಿಳೆಗೆ ಆ ಪ್ರಮಾಣಪತ್ರ ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ದೇವಶಾಸ್ತ್ರಿಗಳು ಬಿಡಿಸಲಾರದ ಗಂಟನ್ನು ತಹಸೀಲ್ದಾರ್ ಕಚೇರಿ ಒಂದು ಗೆರೆಯಲ್ಲಿ ಬಿಡಿಸಿಬಿಡುತ್ತದೆ. ಇಂಥ ವಿಶ್ವಾಸಿಗಳನ್ನು ಸಭೆಯವರೆನ್ನಬೇಕೇ ಬೇಡವೇ ಎಂಬ ವಾದ ಹೊಸದಲ್ಲ. 1970ರ ದಶಕದ ಮೊದಲಲ್ಲಿ ದೇವಶಾಸ್ತ್ರಜ್ಞ ಎಂ.ಎಂ. ಥಾಮಸ್ ಮತ್ತು ಸಿ.ಎಸ್.ಐ. ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಇದರ ಮೇಲೆ ದೀರ್ಘವಾಗಿ ವಾದಿಸಿದರು. ತಮ್ಮ ಸಮುದಾಯ ಬಿಡದೆಯೂ ಕ್ರಿಸ್ತನ ಬಳಗ ಇರಬಹುದು ಎಂಬ ಕಡೆಗೆ ಥಾಮಸ್. ಕಣ್ಣಿಗೆ ಕಾಣುವ ಸಭೆಯಿಲ್ಲದೆ, ಅದರ ಹೊಸ್ತಿಲಾದ ಸ್ನಾನವಿಲ್ಲದೆ ಅದು ನಿಲ್ಲದು ಎಂಬ ಕಡೆಗೆ ನ್ಯೂಬಿಗಿನ್. ಹಿಂದಿನ ಚಾಪೆಯವರನ್ನು ನೋಡಿದಾಗ ನಾನು ಥಾಮಸ್ ಕಡೆ, ತೊಟ್ಟಿಯೊಳಕ್ಕೆ ಇಳಿಯುವವರ ಮುಖ ನೋಡಿದಾಗ ನ್ಯೂಬಿಗಿನ್ ಕಡೆ.

ಅಮ್ಮನ ಪ್ರಶ್ನೆಗೆ ಉತ್ತರ ಬಾಕಿ ಇದೆ. ಅವಳ ಚರ್ಚಿನ ಲೆಕ್ಕದಲ್ಲಿ ತೋಟದಲ್ಲಿ ಆದದ್ದು ಸಲ್ಲದು. 1982ರಲ್ಲಿ ಪೆರುವಿನ ಲಿಮಾದಲ್ಲಿ ಸಭೆಗಳ ಲೋಕ ಪರಿಷತ್ತಿನ ಆಯೋಗ ಒಪ್ಪಿದ ಹೇಳಿಕೆಯಲ್ಲೂ ದೀಕ್ಷಾಸ್ನಾನ ಮತ್ತೆ ಮಾಡುವಂಥದಲ್ಲ ಎಂದಿದೆ. ದೇವರು ಮಾಡಿದ್ದನ್ನು ಮತ್ತೆ ಮಾಡಿಸಿದರೆ ಮೊದಲನೆಯದು ಸುಳ್ಳು ಎಂದಂತಾಯಿತು. ಪಾಸ್ಟರು ಅದನ್ನು ಒಪ್ಪುತ್ತಾರೆ, ಎರಡು ಸಲ ಕೂಡದು ಎಂದೇ ಅವರೂ ಹೇಳುವುದು. ಅವರ ಲೆಕ್ಕದಲ್ಲಿ ಇದು ಮೊದಲನೆಯದು, ಅಷ್ಟೇ.

ಚಿಕ್ಕಮ್ಮ ಕೆಮ್ಮುತ್ತ ಮೇಲೆ ಬಂದಳು. ಮೂಗಿಗೆ ನೀರು ಹೋಗಿತ್ತು. ಅಮ್ಮ ಟವೆಲ್ ಹೊದಿಸಿ, ಜಡೆ ಹಿಂಡಿ, "ಇನ್ನೊಂದು ಸಭೆಗೆ ಹೋದ್ರೆ ಮೂರನೇದೂ ಆಗುತ್ತೇನೋ" ಎಂದಳು. ಚಿಕ್ಕಮ್ಮ ನಕ್ಕಳು. ಐದನೆಯವರು ಮುಳುಗಿ ಎದ್ದ ಮೇಲೆ ತೋಟದ ಯಜಮಾನರು ಬಂದು ತೊಟ್ಟಿಯ ಬುಡದ ಬಟ್ಟೆಯುಂಡೆ ಕಿತ್ತರು. ಕರೆಂಟು ಹೋಗುವುದರೊಳಗೆ ಹೊಸ ಸಸಿಗಳ ಪಾತಿಗೆಲ್ಲ ನೀರು ಮುಟ್ಟಬೇಕಿತ್ತು.